ಎಂದರೆ ಸುಳ್ಳು

ಶಟ್ಟೆವ್ವನ ಮಗ ನಿಂಗರಾಜ ಲಾರಿಗೆ ಸಿಕ್ಕು ಸತ್ತದ್ದು ತೊಂಬತ್ತಾರನೆಯ ಇಸವಿಯ ಮಾರ್ಚಿನಲ್ಲಿ, ಹಾಡುಹಗಲು. ಬೈಲಹೊಂಗಲದ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಅವನು ತೂಕದವನಾಗಿದ್ದ. ಹತ್ತಿಯ ದರ ಏರಿದೆ, ಮಾಲು ತರಬಹುದು ಎಂದು ಒಬ್ಬ ರೈತನಿಗೆ ಸುದ್ದಿ ಮುಟ್ಟಿಸಲು ಮಾಲಕರು ಅವನನ್ನು ನೇಸರಗಿಗೆ ಕಳಿಸಿದ್ದರು. ಸೈಕಲ್ಲಿನ ಮೇಲೆ ಹೋಗಿದ್ದ. ತಿರುಗಿ ಬರುವಾಗ, ನೇಸರಗಿ ದಾಟಿ ಒಂದು ಮೈಲು ಬಂದಿರಬೇಕು, ಸಿಮೆಂಟು ತುಂಬಿದ ಲಾರಿ ಹಿಂದಿನಿಂದ ಹೊಡೆಯಿತು. ದವಾಖಾನೆಗೆ ಒಯ್ಯುವ ಮಾತೇ ಬರಲಿಲ್ಲ. ಅವನಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಹತ್ತು ತಿಂಗಳಾಗಿತ್ತು.

ಶಟ್ಟೆವ್ವ ಆಗ ರೊಟ್ಟಿ ಬಡಿಯುತ್ತಿದ್ದಳು. ಕಾಲೇಜು ಹುಡುಗರ ಖೋಲಿಗಳಿಗೆ ಕಡಕ ರೊಟ್ಟಿ, ಶೇಂಗಾ ಚಟ್ನಿ ಮಾಡಿಕೊಡುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಅದರಿಂದಲೇ ಮಗನನ್ನು ಹತ್ತನೆಯ ಇಯತ್ತೆಯವರೆಗೆ ಓದಿಸಿದ್ದಳು. ಅಂಗಡಿಯ ಇಬ್ಬರು ಬಾಗಿಲಲ್ಲಿ ಬಂದು ನಿಂತಾಗ ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಕುಂದರ್ರಿ ಎಂದಳಂತೆ. ಆಮೇಲಿನದು ಅವಳಿಗೆ ನೆನಪಿಲ್ಲ. ಸೊಸೆ ಶೈಲಜಾ ಬಂದು ಒಲೆಯಿಂದ ಕಟ್ಟಿಗೆ ಹಿರಿದದ್ದು, ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಮನೆಯೆಲ್ಲ ಹೊಗೆಯಾದದ್ದು ಶೈಲಜಾ ಹೇಳಿದ ಮೇಲೆ ತಿಳಿದದ್ದು.

ದಿನಕರ್ಮ ಮುಗಿದ ಮರುವಾರ ನಿಜಗುಣಪ್ಪ ವಕೀಲರು ಮನೆಗೆ ಬಂದರು. ಮಾರುಕಟ್ಟೆಯ ಮಂದಿಯ ಕೇಸುಗಳನ್ನೆಲ್ಲ ಅವರೇ ನಡೆಸುತ್ತಿದ್ದರು, ಕೆಟ್ಟ ಮನುಷ್ಯರಲ್ಲ. ಲಾರಿಗೆ ವಿಮೆ ಇದೆ, ಕಂಪನಿಯವರು ಪರಿಹಾರ ಕೊಡಬೇಕು, ತಾಯಿ ಮತ್ತು ಹೆಂಡತಿ ಇಬ್ಬರೂ ಅರ್ಜಿ ಹಾಕಬೇಕು ಎಂದು ತಿಳಿಸಿ ಹೇಳಿದರು. ಇಬ್ಬರ ಹೆಬ್ಬೆಟ್ಟು, ಸಹಿ ಆಯಿತು. ಶೈಲಜಾ ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದ ಮೇಲೆ ವಕೀಲರು ದನಿ ತಗ್ಗಿಸಿದರು.

“ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ ಯವ್ವಾ. ಸೊಸಿ ಸಣ್ಣಾಕಿ. ನಿಮ್ಮ ಮಂದ್ಯಾಗ ಉಡಿಕಿ ನಡೀತೈತಿ ಅನ್ನೋದು ನನಗ ಗೊತ್ತೈತಿ. ಆದ್ರ ಕೇಸ ಮುಗಿಯೂತನಾ ಆ ಮಾತ ತಗೀಬ್ಯಾಡ್ರಿ. ಮತ್ತೊಂದ ಮನಿ ಸೇರಿದಾಕಿಗೆ ಪರಿಹಾರ ಯಾಕ ಕೊಡಬೇಕು ಅಂತ ಕಂಪನಿಯವರು ಗಂಟ ಬೀಳತಾರು.”

ಶಟ್ಟೆವ್ವನಿಗೆ ಆಗ ಸಿಟ್ಟೂ ಬರಲಿಲ್ಲ, ಏನೂ ಬರಲಿಲ್ಲ. ಗಂಡ ಸತ್ತವಳಿಗೆ ಮತ್ತೊಬ್ಬನಿಂದ ಸೀರೆ ಉಡಿಸಿ ಮನೆ ತುಂಬಿಸುವ ಉಡಿಕಿಯ ಮಾತು, ಮಗನ ಬೂದಿ ಆರದ ಆ ಹೊತ್ತಿನಲ್ಲಿ ಅವಳಿಗೆ ಬೇರೆ ಯಾರದೋ ಮನೆಯ ಮಾತಿನಂತೆ ಕೇಳಿಸಿತು. ಎಷ್ಟು ದಿನದ ಕೆಲಸ ಎಂದು ಕೇಳಿದಳು. ಒಂದು ವರ್ಷ, ಬಹಳವೆಂದರೆ ಒಂದೂವರೆ ಎಂದರು ವಕೀಲರು.

ಕಂಪನಿಯವರು ಮೊದಲ ತಾರೀಖಿಗೆ ಬರಲಿಲ್ಲ. ಎರಡನೆಯದಕ್ಕೆ ಬಂದು ಮುಂದಿನ ತಾರೀಖು ಕೇಳಿದರು. ಎಂಟು ತಿಂಗಳ ಮೇಲೆ ಬರೆದು ಕೊಟ್ಟ ಉತ್ತರದಲ್ಲಿ, ಲಾರಿ ತನ್ನ ದಿಕ್ಕಿನಲ್ಲಿ ಸಾವಕಾಶವಾಗಿ ಹೋಗುತ್ತಿತ್ತು, ಮೃತನೇ ಸೈಕಲ್ಲನ್ನು ನಡುರಸ್ತೆಗೆ ತಿರುಗಿಸಿದ ಎಂದು ಇತ್ತು. ಮೃತನು ದುಡಿಯುತ್ತಿದ್ದ ಎನ್ನುವುದಕ್ಕೆ ಆಧಾರವಿಲ್ಲ ಎಂದೂ ಇತ್ತು. ವಕೀಲರು ಅದನ್ನು ಓದಿ ಹೇಳುವಾಗ ಶಟ್ಟೆವ್ವ, ಮೃತ ಅಂದರೆ ಯಾರು ಎಂದು ಕೇಳಿದಳು. ಶೈಲಜಾ ಅವಳ ಕೈ ಹಿಡಿದು, ಅವರರಿ ಅತ್ತಿ ಎಂದಳು.

ದುಡಿಯುತ್ತಿದ್ದ ಎಂದು ಒಂದು ಚೀಟಿ ಬರೆದುಕೊಡಲು ಅಂಗಡಿಯ ಮಾಲಕರನ್ನು ಕೇಳಿದರೆ ಅವರು ಕೈ ಮುಗಿದರು. ಚೀಟಿ ಕೊಟ್ಟರೆ ಪಗಾರದ ಪುಸ್ತಕ ತೋರಿಸು ಎನ್ನುತ್ತಾರೆ, ಪುಸ್ತಕ ಇಟ್ಟಿಲ್ಲ, ಬೇರೆ ಏನು ಸಹಾಯ ಬೇಕಾದರೂ ಕೇಳಿರಿ ಎಂದರು. ಒಂದು ಚೀಲ ಜೋಳ ಕಳಿಸಿದರು. ನಾಲ್ಕು ವರ್ಷ ದಿನಾ ಮುಂಜಾನೆ ಆ ಅಂಗಡಿಯ ಬಾಗಿಲು ತೆಗೆದವನು ಅಲ್ಲಿ ದುಡಿದಿದ್ದನೆಂದು ಹೇಳುವವರು ಇಲ್ಲವಾದರು. ಕೊನೆಗೆ ಹಮಾಲಿ ಬಾಳು ಎಂಬವನು ತಾನಾಗಿ ಬಂದು ಕೋರ್ಟಿನಲ್ಲಿ ಸಾಕ್ಷಿ ನುಡಿದ. ಅದಕ್ಕೆ ಮಾಲಕರು ಅವನನ್ನು ಎರಡು ತಿಂಗಳು ಕೆಲಸಕ್ಕೆ ಕರೆಯಲಿಲ್ಲ.

ಹೀಗೆ ಎರಡು ವರ್ಷ ಹೋಯಿತು. ಶೈಲಜಾಳ ತವರು ಉಗರಗೋಳ. ತಂದೆ ಲಕ್ಕಪ್ಪ ಅಲ್ಲಿನ ದೇವಿಯ ಗುಡ್ಡಕ್ಕೆ ಬರುವವರಿಗೆ ಕಾಯಿ, ಭಂಡಾರದ ಅರಿಸಿನ ಮಾರುವವ. ಅವನು ಮಗಳನ್ನು ಕರೆದೊಯ್ಯಲು ಬಂದಾಗೆಲ್ಲ ಶಟ್ಟೆವ್ವ, ಇಬ್ಬರೂ ಒಂದೇ ಮನೆಯಲ್ಲಿ ಇದ್ದರೆ ಕೇಸಿಗೆ ಒಳ್ಳೆಯದಂತೆ ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು. ಆದರೆ ಮುಂಜಾನೆ ಐದಕ್ಕೆ ಎದ್ದು ಹಿಟ್ಟು ನಾದುವಾಗ ಎದುರಿಗೆ ಇನ್ನೊಂದು ಜೀವ ಕುಳಿತಿರುವುದು ಅವಳಿಗೆ ಬೇಕಾಗಿತ್ತು ಎನ್ನುವುದೂ ಅಷ್ಟೇ ನಿಜ. ಶೈಲಜಾ ಬಡಿದ ರೊಟ್ಟಿ ಮೊದಮೊದಲು ಅಂಚಿನಲ್ಲಿ ದಪ್ಪ ಆಗುತ್ತಿತ್ತು. ಆಮೇಲೆ ಅತ್ತೆಯದ್ದು ಯಾವುದು, ಸೊಸೆಯದ್ದು ಯಾವುದು ಎಂದು ಹುಡುಗರಿಗೆ ಗುರುತು ಹತ್ತದಂತಾಯಿತು. ಮಧ್ಯಾಹ್ನ ಅವಳು ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಓಣಿಯವರು ಇವರನ್ನು ತಾಯಿ ಮಗಳು ಎನ್ನುತ್ತಿದ್ದರು.

ತೊಂಬತ್ತೆಂಟರಲ್ಲಿ ಲಕ್ಕಪ್ಪ ಒಬ್ಬನನ್ನು ಜೊತೆಗೆ ಕರೆದುಕೊಂಡು ಬಂದ. ಶಂಕರೆಪ್ಪ, ರಾಮದುರ್ಗದವ, ಹಿಟ್ಟಿನ ಗಿರಣಿ ಇಟ್ಟಿದ್ದ. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡು ವರ್ಷವಾಗಿತ್ತು; ಕೂಸು ಅವನ ಅಕ್ಕನ ಹತ್ತಿರ ಇತ್ತು. ಮೂವತ್ತರ ಒಳಗಿನ, ಮಾತು ಕಡಿಮೆಯ ಮನುಷ್ಯ. ಹುಬ್ಬಿನ ಕೂದಲಲ್ಲಿ ಹಿಟ್ಟಿನ ಬಿಳುಪು ಉಳಿದೇ ಇತ್ತು. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಹಿಟ್ಟು ನುಣ್ಣಗೆ ಬೀಸಿಸೀರಿ ಎಂದ. ನೀರು ಕೊಡಲು ಬಂದಾಗ ಶೈಲಜಾ ಅವನನ್ನು ಒಂದು ಸಲ ನೋಡಿದ್ದು ಶಟ್ಟೆವ್ವನ ಕಣ್ಣಿಗೆ ಬಿತ್ತು.

ಲಕ್ಕಪ್ಪ ಹೊರಗಿನ ಕಟ್ಟೆಯ ಮೇಲೆ ಮಾತು ತೆಗೆದ. “ಅಕ್ಕಾರ, ನೀವು ಹೂಂ ಅಂದ್ರ ಸಾಕು. ಖರ್ಚಿಲ್ಲ, ಮೆರವಣಿಗಿ ಇಲ್ಲ. ನಾಕ ಮಂದಿ ಕೂಡಿ ಉಡಿಕಿ ಮಾಡಿ ಕೊಡೂಣು.”

“ಕೇಸ ಮುಗೀಲಿ ಅಣ್ಣಾ,” ಎಂದಳು ಶಟ್ಟೆವ್ವ. “ಇನ್ನೇನ ಒಂದ ವರ್ಷ. ಬರಿಗೈಲೆ ಯಾಕ ಕಳಸೂಣು ಹುಡಿಗಿನ್ನ?”

ಒಂದು ವರ್ಷ ಕಾಯುತ್ತೇನೆ ಎಂದ ಶಂಕರೆಪ್ಪ. ಕಾದ ಕೂಡ. ನಡುವೆ ಎರಡು ಸಲ, ಬೈಲಹೊಂಗಲದಲ್ಲಿ ಗಿರಣಿ ತಿರುಗಿಸುವ ಪಟ್ಟಾ ಕೊಳ್ಳುವ ನೆವದಿಂದ ಬಂದು ಹೋದ. ಎರಡನೆಯ ಸಲ ಕೂಸಿನ ಫೋಟೋ ತಂದಿದ್ದ. ಕಂಪನಿಯವರು ಲಾರಿಯ ಡ್ರೈವರನನ್ನು ಹುಡುಕಿಸಿ ಹೇಳಿಕೆ ಕೊಡಿಸುತ್ತೇವೆ ಎಂದು ತಾರೀಖಿನ ಮೇಲೆ ತಾರೀಖು ತೆಗೆದುಕೊಳ್ಳುತ್ತಿದ್ದ ಕಾಲ ಅದು. ಆಮೇಲೆ ಶಂಕರೆಪ್ಪ ಬರುವುದು ನಿಂತಿತು. ಲಕ್ಕಪ್ಪನೂ ಆ ಮಾತು ಎತ್ತಲಿಲ್ಲ. ಶೈಲಜಾ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದರಿಂದ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಶಟ್ಟೆವ್ವ ತನಗೆ ತಾನೇ ಹೇಳಿಕೊಂಡಳು.

ಎರಡು ಸಾವಿರನೆಯ ಇಸವಿಯ ಆಗಸ್ಟಿನಲ್ಲಿ ಕಡೆಗೂ ಅತ್ತೆ ಸೊಸೆಯರ ಸಾಕ್ಷಿಯ ದಿನ ಬಂತು. ಹಿಂದಿನ ದಿನ ನಿಜಗುಣಪ್ಪ ವಕೀಲರು ಇಬ್ಬರನ್ನೂ ಕೂರಿಸಿಕೊಂಡು ತಿಳಿಹೇಳಿದ್ದರು. ಕಂಪನಿಯ ವಕೀಲರು ಏನೇನೋ ಹೇಳುತ್ತಾರೆ, ವಾದಕ್ಕೆ ಹೋಗಬಾರದು, ಸಿಟ್ಟಾಗಬಾರದು, ಸುಳ್ಳು ಎಂದರೆ ಸಾಕು.

ಮೊದಲು ಶೈಲಜಾ ನಿಂತಳು. ಮರುಮದುವೆಯಾಗಿದ್ದೀರಾ ಎಂದು ಕಂಪನಿಯ ವಕೀಲರು ಕೇಳಿದರು, ಇಲ್ಲ ಎಂದಳು. ಮಾತುಕತೆ ಏನಾದರೂ ನಡೆದಿದೆಯಾ ಎಂದರು. ಅದಕ್ಕೂ ಇಲ್ಲ ಎಂದಳು. ಆಮೇಲೆ ಶಟ್ಟೆವ್ವನನ್ನು ಕರೆದರು. ಕಂಪನಿಯ ವಕೀಲರು ವಯಸ್ಸಾದವರು, ದನಿ ಏರಿಸುವವರಲ್ಲ. ನಿಮ್ಮ ಮಗನಿಗೆ ಸರಿಯಾಗಿ ಸೈಕಲ್ಲು ಹೊಡೆಯಲು ಬರುತ್ತಿರಲಿಲ್ಲ ಎಂದರು. ಸುಳ್ಳು ಎಂದಳು. ಅವನು ಖಾಲಿ ತಿರುಗುತ್ತಿದ್ದ ಎಂದರು. ಸುಳ್ಳು. ರೊಟ್ಟಿಯ ದುಡಿಮೆಯ ಮೇಲೆ ನೀವೇ ಅವನನ್ನು ಸಾಕುತ್ತಿದ್ದಿರಿ ಎಂದರು. ಸುಳ್ಳು. ಒಂದೊಂದನ್ನೂ ಟೈಪಿಸ್ಟ್ ಹುಡುಗಿ, ‘ಎಂದರೆ ಸುಳ್ಳು’ ಎಂದು ಸೇರಿಸಿ ಬಡಿಯುತ್ತಿದ್ದಳು. ಹೇಳುತ್ತ ಹೇಳುತ್ತ ಶಟ್ಟೆವ್ವನಿಗೆ ಧೈರ್ಯ ಬಂದಿತ್ತು. ಎಲ್ಲವೂ ಸುಳ್ಳೇ ಆಗಿದ್ದವಲ್ಲ.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. “ಪರಿಹಾರದ ರೊಕ್ಕ ಕಡಿಮಿ ಆಗತೈತಿ ಅಂತ, ಬಂದ ಸಂಬಂಧ ಬಿಟ್ಟು ಸೊಸಿನ್ನ ಮನ್ಯಾಗ ಇಟಗೊಂಡೀರಿ ಅಂತೇನಿ.”

ಅವರು ಯಾವುದನ್ನೂ ತಿಳಿದು ಕೇಳಿದ್ದಲ್ಲ. ಇಂಥ ಎಲ್ಲ ಕೇಸಿನಲ್ಲೂ ಎಲ್ಲರಿಗೂ ಕೇಳುವ ಪ್ರಶ್ನೆ. ಶಟ್ಟೆವ್ವ ಬಾಯಿ ತೆರೆದಳು. ಬೆಂಚಿನ ತುದಿಗೆ ಶೈಲಜಾ ಸೆರಗು ಹೊದ್ದು ಕುಳಿತಿದ್ದಳು. ಮುಖ ಕಾಣಲಿಲ್ಲ, ಮಡಿಲಲ್ಲಿ ಇಟ್ಟುಕೊಂಡ ಕೈಗಳಷ್ಟೇ ಕಂಡವು.

“ಸುಳ್ಳು,” ಎಂದಳು.

ಎಂದರೆ ಸುಳ್ಳು ಎಂದು ಯಂತ್ರ ಬಡಿಯಿತು. ಹಿಂದಿನ ಪ್ರಶ್ನೆಗಳಿಗೆ ಬಡಿದ ಹಾಗೆಯೇ.

ಆ ದಿನದಿಂದ ಅವಳಿಗೆ ಊಟ ಸೇರದಾಯಿತು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಆಡಿದ ಸುಳ್ಳು ಎಂಬ ಹೆದರಿಕೆ ಒಂದು ಕಡೆ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅವಳನ್ನು ಹಿಂಡಿದ್ದು ಬೇರೆ. ನಾಲ್ಕು ವರ್ಷ ತನ್ನ ಕಣ್ಣ ಮುಂದೆಯೇ ಇದ್ದದ್ದನ್ನು ತಾನು ನೋಡಿರಲಿಲ್ಲ. ಒಬ್ಬ ಹೊರಗಿನವ, ಅದೂ ಎದುರು ಪಕ್ಷದವ, ಒಂದೇ ಮಾತಿನಲ್ಲಿ ಹೇಳಿ ಕನ್ನಡಕ ಹಾಕಿಕೊಂಡು ಕುಳಿತುಬಿಟ್ಟಿದ್ದ. ಮುಂದೆ ಕುಳಿತು ಹಿಟ್ಟು ನಾದುವ ಹುಡುಗಿಯ ಕಿವಿಯ ಹತ್ತಿರ ಎರಡು ಬಿಳಿ ಕೂದಲು ಕಂಡವು. ಇಪ್ಪತ್ತೈದು ವರ್ಷ ಅವಳಿಗೆ.

ಮುಂದಿನ ಸೋಮವಾರ ಶಟ್ಟೆವ್ವ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್ಸಿಗೆ ಒಂದು ತಾಸು ಕಾದಳು. ರಾಮದುರ್ಗದಲ್ಲಿ ಶಂಕರೆಪ್ಪನ ಗಿರಣಿ ಯಾವುದು ಎಂದು ಕೇಳಿದರೆ ಒಬ್ಬ ಹುಡುಗಿ ಮುಂದೆ ಹೋಗಿ ತೋರಿಸಿದಳು. ಗಿರಣಿಯ ಬಾಗಿಲಲ್ಲಿ ಡಬ್ಬಿಗಳ ಸಾಲು. ಹಸಿರು ಬಳೆ ತೊಟ್ಟ ಹೆಂಗಸೊಬ್ಬಳು ಡಬ್ಬಿಗಳಿಗೆ ಚೀಟಿ ಹಚ್ಚುತ್ತಿದ್ದಳು. ಅವಳ ಸೀರೆ ಹಿಡಿದುಕೊಂಡು ಮೂರು ವರ್ಷದ ಕೂಸು ನಿಂತಿತ್ತು. ಫೋಟೋದಲ್ಲಿದ್ದದ್ದು ಅದೇ ಕೂಸು.

ಶಂಕರೆಪ್ಪ ಗುರುತು ಹಿಡಿದು ಹೊರಗೆ ಬಂದ, ಗಿರಣಿ ಬಂದ್ ಮಾಡಿಸಿದ, ಚಹಾ ತರಿಸಿದ. ಇತ್ತ ಏನು ಬಂದಿರಿ ಎಂದು ಕೇಳಿದ. ಇಲ್ಲಿ ಬೀಗರ ಮನೆಗೆ ಬಂದಿದ್ದೆ ಎಂದಳು ಶಟ್ಟೆವ್ವ. ಆ ವಾರದಲ್ಲಿ ಅದು ಅವಳ ಎರಡನೆಯ ಸುಳ್ಳು. ಅವನು ಕಪ್ಪು ಕೆಳಗಿಟ್ಟ. ಅಕ್ಕನಿಗೆ ಮೈ ನೆಟ್ಟಗಿರಲಿಲ್ಲ, ಕೂಸನ್ನು ನೋಡುವವರು ಇರಲಿಲ್ಲ, ಹೋದ ವೈಶಾಖದಲ್ಲಿ ಆಯಿತು ಎಂದ. ತಪ್ಪು ತನ್ನದೇನೋ ಎನ್ನುವ ಹಾಗೆ ಹೇಳಿದ. ಏಳುವಾಗ ಆ ಹೊಸ ಹೆಂಡತಿ ಒಳಗಿನಿಂದ ಬಂದು ಶಟ್ಟೆವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಇವರು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ. ನೂರು ವರ್ಷ ಬಾಳು ಎಂದು ಹರಸಿ ಶಟ್ಟೆವ್ವ ಬಸ್ಸಿನ ದಾರಿ ಹಿಡಿದಳು. ಸವದತ್ತಿ ಬರುವವರೆಗೆ ಕಿಟಕಿಯ ಕಡೆಗೆ ಮುಖ ಮಾಡಿ ಅತ್ತಳು. ಮಗ ಸತ್ತಾಗ ಹತ್ತು ಜನರ ನಡುವೆ ಅತ್ತಿದ್ದಳು. ಒಬ್ಬಳೇ ಅತ್ತದ್ದು ಇದೇ ಮೊದಲು.

ಮರುವರ್ಷ ಕೋರ್ಟಿನ ತೀರ್ಪು ಆಯಿತು. ಲಾರಿಯದೇ ತಪ್ಪು, ಕಂಪನಿ ಪರಿಹಾರ ಕೊಡಬೇಕು ಎಂದು. ಓಣಿಯಲ್ಲಿ ಪೇಢೆ ಹಂಚಬೇಕೆಂದರು ಯಾರೋ. ಶಟ್ಟೆವ್ವ ಬೇಡ ಎಂದಳು. ಕಂಪನಿಯವರು ಬೆಂಗಳೂರಿನ ಹೈಕೋರ್ಟಿಗೆ ಅಪೀಲು ಹೋದರು. ಹಣಕ್ಕೆ ತಡೆ ಬಂತು.

ಅವಳು ನಿಜಗುಣಪ್ಪ ವಕೀಲರ ಕಚೇರಿಗೆ ಹೋಗಿ, ಸೊಸೆಗೆ ಗಂಡು ನೋಡುತ್ತಿದ್ದೇನೆ ಎಂದಳು. ವಕೀಲರು ಫೈಲಿನಿಂದ ತಲೆ ಎತ್ತಿದರು. ಇಷ್ಟು ದಿನ ತಾಳಿದ್ದೀರಿ, ಇನ್ನೊಂದೆರಡು ವರ್ಷ, ಈಗ ಮಾಡಿದರೆ ಅವರು ಅದನ್ನೇ ಹಿಡಿದುಕೊಂಡು ಆಕೆಯ ಪಾಲು ಕಡಿಮೆ ಮಾಡಿಸುತ್ತಾರೆ ಎಂದರು.

“ಮಾಡಸಲೇಳ್ರಿ,” ಎಂದಳು ಶಟ್ಟೆವ್ವ. ಆಮೇಲೆ ಕೇಳಿದಳು, “ವಕೀಲ್ರ, ಆವತ್ತ ನಾ ಸುಳ್ಳು ಅಂತ ಬರಸಿದ್ನೆಲ್ಲ, ಅದರಾಗ ಒಂದನ್ನ ಅಳಸಾಕ ಬರತೈತೇನ್ರಿ?”

ಯಾವುದನ್ನು ಎಂದು ವಕೀಲರು ಕೇಳಲಿಲ್ಲ. ಬರುವುದಿಲ್ಲ ಎಂದಷ್ಟೇ ಹೇಳಿದರು. ಅವಳು ಎದ್ದು ಬಂದಳು.

ಗಂಡು ಸಿಗುವುದು ಸುಲಭವಾಗಲಿಲ್ಲ. ಕಿತ್ತೂರಿನ ಸಂಜು ಎಂಬ ಟೇಲರ್ ಒಪ್ಪಿದ. ನಲವತ್ತರ ಹತ್ತಿರದವನು, ಮೊದಲ ಹೆಂಡತಿ ಬಿಟ್ಟು ಹೋಗಿದ್ದಳು. ಕುಡಿಯುವವನಲ್ಲ, ಹೊಡೆಯುವವನಲ್ಲ, ಮಾತು ಮಾತ್ರ ಸ್ವಲ್ಪ ಬಿರುಸು ಎಂದು ಹೇಳಿದರು. ಎರಡು ಸಾವಿರದ ಎರಡರಲ್ಲಿ ಉಗರಗೋಳದ ಲಕ್ಕಪ್ಪನ ಮನೆಯಲ್ಲಿ ಉಡಿಕಿ ಆಯಿತು. ಅಂಥ ಕಾರ್ಯಕ್ಕೆ ಸತ್ತವನ ತಾಯಿ ಹೋಗುವ ರೂಢಿಯಿಲ್ಲ. ಶಟ್ಟೆವ್ವ ಹೋಗಲಿಲ್ಲ. ಹಿಂದಿನ ದಿನ ಶೈಲಜಾ ತನ್ನ ಟ್ರಂಕು ಕಟ್ಟಿಕೊಂಡು ನಿಂತಾಗ, ಹೋಗಿ ಬಾ ಎಂದು ಹೇಳಿ ಅಡಿಗೆ ಮನೆಗೆ ಹೋಗಿ ಕುಳಿತಳು. ಆಕೆ ಹೊಸ್ತಿಲು ದಾಟಿದ ಸಪ್ಪಳ ಕೇಳಿ ಹೊರಗೆ ಬಂದು ನೋಡಿದರೆ, ಓಣಿಯ ತಿರುವಿನಲ್ಲಿ ಲಕ್ಕಪ್ಪನ ತಲೆಯ ಪಟಗ ಅಷ್ಟೇ ಕಂಡಿತು.

ಹೈಕೋರ್ಟು ತೀರ್ಮಾನ ಕೊಟ್ಟದ್ದು ಎರಡು ಸಾವಿರದ ಐದರಲ್ಲಿ. ಮರುಮದುವೆಯ ವಿಷಯ ಕಂಪನಿಯವರಿಗೆ ಹೇಗೆ ತಿಳಿಯಿತೋ, ತಿಳಿದಿತ್ತು. ಶೈಲಜಾಳ ಪಾಲಿನಲ್ಲಿ ಅರ್ಧಕ್ಕರ್ಧ ಹೋಯಿತು. ತಾಯಿಯ ಪಾಲಿಗೆ ಕೈ ಹಚ್ಚಲಿಲ್ಲ. ಉಳಿದದ್ದನ್ನು ಬೈಲಹೊಂಗಲದ ಬ್ಯಾಂಕಿನಲ್ಲಿ ಇಬ್ಬರೂ ಬಂದು ತೆಗೆದುಕೊಳ್ಳಬೇಕು ಎಂದು ವಕೀಲರು ಕಾಗದ ಕಳಿಸಿದರು.

ಶೈಲಜಾ ಕಿತ್ತೂರಿನಿಂದ ಒಬ್ಬಳೇ ಬಂದಳು. ಮೈ ಇಳಿದುಹೋಗಿತ್ತು. ಎರಡು ವರ್ಷದ ಮಗಳನ್ನು ಗಂಡನ ಅಂಗಡಿಯಲ್ಲಿ ಬಿಟ್ಟು ಬಂದಿದ್ದಳು. ಬ್ಯಾಂಕಿನ ಕೆಲಸ ಮುಗಿಯಲು ಎರಡು ತಾಸು ಹಿಡಿಯಿತು. ಶಟ್ಟೆವ್ವ ತನ್ನ ಪಾಲಿನಲ್ಲಿ ಅರ್ಧ ಆಕೆಯ ಹೆಸರಿಗೆ ಹಾಕಿರಿ ಎಂದು ಗುಮಾಸ್ತನಿಗೆ ಹೇಳಿದಾಗ ಶೈಲಜಾ ಅವನು ತೋರಿಸಿದ ಕಡೆ ಸಹಿ ಮಾಡಿದಳು. ಬಸ್‌ಸ್ಟ್ಯಾಂಡಿಗೆ ಬಂದು ಕಟ್ಟೆಯ ಮೇಲೆ ಕುಳಿತ ಮೇಲೆ ಶಟ್ಟೆವ್ವನಿಗೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇನ್ನು ಹಿಡಿಯಲಾಗಲಿಲ್ಲ. ರಾಮದುರ್ಗಕ್ಕೆ ಹೋದದ್ದು, ಹಸಿರು ಬಳೆಯ ಹೆಂಗಸು, ಆ ಕೂಸು, ಎಲ್ಲವನ್ನೂ ಹೇಳಿದಳು. “ನಿನ್ನ ಬಾಳೇ ಹಾಳ ಮಾಡಿದ್ನಿ ಯವ್ವಾ. ಅವ ಛಲೋ ಮನಶ್ಯಾ ಇದ್ದ.”

ಶೈಲಜಾ ಬ್ಯಾಂಕಿನ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದಳು.

“ಅವರು ಫೋಟೋ ತಂದಾಗ ನೀವು ಒಳಗ ಚಾ ಮಾಡಾಕ ಹೋಗಿದ್ರಿ,” ಎಂದಳು. “ಆವಾಗ ನನ್ನ ಕೇಳಿದ್ರು, ಅತ್ತಿ. ಕೇಸ ಗೀಸ ಬ್ಯಾಡ, ಬಾ ಅಂದ್ರು. ನಾನ ಒಲ್ಲೆ ಅಂದ್ನಿ. ರೊಕ್ಕ ಬರಲಿ ಅಂದ್ನಿ. ಇನ್ನೊಬ್ಬರ ಮನಿಗೆ ಬರಿಗೈಲೆ ಹೋಗಬಾರದು ಅಂತ ನನಗೂ ಇತ್ತು. ನನಗೂ ಬೇಕಾಗಿತ್ತರಿ.”

ಶಟ್ಟೆವ್ವ ಅವಳ ಮುಖ ನೋಡಿದಳು. ಅದು ತನ್ನನ್ನು ಸಮಾಧಾನ ಮಾಡಲು ಹೇಳಿದ ಮಾತಾಗಿರಲಿಲ್ಲ. ಹೇಳಿದವಳ ಕಣ್ಣಿನಲ್ಲಿ ಸಮಾಧಾನದ ಲೇಶವೂ ಇರಲಿಲ್ಲ. ಐದು ವರ್ಷ ತಾನೊಬ್ಬಳೇ ಹೊತ್ತೆ ಎಂದುಕೊಂಡ ಭಾರವನ್ನು ಈ ಹುಡುಗಿಯೂ ಒಂದು ಕಡೆ ಹೊತ್ತುಕೊಂಡೇ ಬಂದಿದ್ದಳು. ಹಗುರಾಗಬೇಕಿತ್ತು. ಆಗಲಿಲ್ಲ. ಇನ್ನೊಂದು ಸಂಕಟ ಬಂದು ಕುಳಿತಂತಾಯಿತು.

ಕಿತ್ತೂರಿನ ಬಸ್ಸು ಬಂತು. ಶೈಲಜಾ ಚೀಲ ಎತ್ತಿಕೊಂಡಳು, ಏಳಲಿಲ್ಲ. “ಅತ್ತಿ, ಒಂದ ಕೇಳತೇನಿ. ನಿಮ್ಮ ಮಗನ ದನಿ ಹ್ಯಾಂಗಿತ್ರಿ? ಮಾರಿ ನೆನಪೈತಿ. ದನಿ ಎಷ್ಟ ನೆನಸಿದ್ರೂ ಬರವಲ್ದು.”

ಒಂಬತ್ತು ವರ್ಷ ಅವರಿಬ್ಬರೂ ಕೇಸಿನ ಬಗ್ಗೆ, ತಾರೀಖಿನ ಬಗ್ಗೆ, ಕಂಪನಿಯ ಬಗ್ಗೆ ಮಾತಾಡಿದ್ದರು. ನಿಂಗರಾಜನ ಬಗ್ಗೆ ಮಾತಾಡಿರಲಿಲ್ಲ. ದನಿ ಸ್ವಲ್ಪ ಗೊಗ್ಗರು ಎಂದಳು ಶಟ್ಟೆವ್ವ. ಸಣ್ಣವನಿದ್ದಾಗ ಶಾಲೆಯಲ್ಲಿ ಪದ್ಯ ಹಾಡಿಸುವಾಗ ಮಾಸ್ತರರು ಇವನೊಬ್ಬನನ್ನು ಸುಮ್ಮನೆ ಬಾಯಿ ಆಡಿಸು ಎಂದು ನಿಲ್ಲಿಸುತ್ತಿದ್ದರಂತೆ, ಮನೆಗೆ ಬಂದು ಅಳುತ್ತಿದ್ದ ಎಂದಳು. ಶೈಲಜಾ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಮದುವೆಯಾದ ಹೊಸದರಲ್ಲಿ ತನಗೆ ನೆಗಡಿಯಾದಾಗ ಅವನು ಮಾರುಕಟ್ಟೆಯಿಂದ ಮುಷ್ಟಿ ತುಂಬ ಲವಂಗ ತಂದದ್ದನ್ನು ಹೇಳಿದಳು. ಆಮೇಲೆ ಶಟ್ಟೆವ್ವ ಇನ್ನೊಂದು ಹೇಳಿದಳು. ಕಂಡಕ್ಟರ್ ಎರಡು ಸಲ ಕಿತ್ತೂರು ಕಿತ್ತೂರು ಎಂದು ಕೂಗಿ, ಸೀಟಿ ಊದಿ ಬಸ್ಸು ಬಿಟ್ಟ. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಇತ್ತು. ಅವರು ಅಲ್ಲೇ ಕುಳಿತರು.